ಮಿದುಳಿನ ಚಯಾಪಚಯದ್ರವ್ಯಗಳ ವಿಸರಣಮಾಪನ: ಒಂದು ಐತಿಹಾಸಿಕ ಸಮೀಕ್ಷೆ

ವಿಜ್ಞಾನದ ಇತಿಹಾಸವನ್ನು ಬರೆಯುವವರು ಉಪಕರಣಗಳ ಕಾಲಾನುಕ್ರಮವನ್ನು ಕೊಟ್ಟು ತೃಪ್ತರಾಗುವುದುಂಟು. ಆದರೆ ಅಳತೆಯೊಂದು ಯಾವ ಪ್ರಶ್ನೆಗೆ ಉತ್ತರವಾಗಿ ಬಂದಿತೆಂಬುದನ್ನು ಅರಿಯದೆ ಅದರ ಅಂಕಿಗಳಿಗೆ ಅರ್ಥ ಹೇಳಲಾಗದು. ಜೀವಂತ ಮಿದುಳಿನಲ್ಲಿ ಅಣುಗಳ ವಿಸರಣವನ್ನು ಕಾಂತೀಯ ಅನುರಣನ ರೋಹಿತದಿಂದ ಅಳೆಯುವ ವಿಧಾನವನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ವಿಸರಣದ ನಿಯಮವನ್ನು ಅಡಾಲ್ಫ್ ಫಿಕ್ 1855ರಲ್ಲಿ ನಿರೂಪಿಸಿದನು. ಅಣುವಿನ ಸ್ಥಾನಾಂತರದ ವರ್ಗದ ಸರಾಸರಿಯು ಕಾಲಕ್ಕೆ ಅನುಪಾತದಲ್ಲಿರುವುದೆಂದು ಐನ್‌ಸ್ಟೈನನು 1905ರಲ್ಲಿ ತೋರಿಸಿದನು. ಎರ್ವಿನ್ ಹಾನ್ 1950ರಲ್ಲಿ ಸ್ಪಿನ್ ಪ್ರತಿಧ್ವನಿಯನ್ನು ವರ್ಣಿಸಿದಾಗ, ಅಸಮವಾದ ಕಾಂತಕ್ಷೇತ್ರದಲ್ಲಿ ಅಣುಗಳು ಚಲಿಸುವುದರಿಂದ ಪ್ರತಿಧ್ವನಿಯು ಕ್ಷೀಣಿಸುವುದನ್ನೂ ಗಮನಿಸಿದನು. ಇತರ ಮಾಪನಗಳಿಗೆ ಇದು ತೊಡಕು. 1965ರಲ್ಲಿ ಸ್ಟೆಯ್‌ಸ್ಕಲ್ ಮತ್ತು ಟ್ಯಾನರ್ ಎಂಬವರು ಕ್ಷೇತ್ರದ ಪ್ರವಣತೆಯನ್ನು ಎರಡು ಕಿರುಸ್ಪಂದಗಳಾಗಿ ಕೊಟ್ಟು ಈ ತೊಡಕನ್ನೇ ಅಳತೆಗೋಲನ್ನಾಗಿ ಮಾಡಿದರು. ಮೊದಲನೆಯ ಸ್ಪಂದವು ಅಣುವಿಗೆ ಅದರ ಸ್ಥಾನದ ಗುರುತನ್ನು ಕೊಡುತ್ತದೆ. ಎರಡನೆಯದು ಅದನ್ನು ಅಳಿಸುತ್ತದೆ. ನಡುವೆ ಅಣು ಸರಿದಿದ್ದರೆ ಗುರುತು ಪೂರ್ಣವಾಗಿ ಅಳಿಯದೆ ಸಂಕೇತವು ಕುಗ್ಗುತ್ತದೆ.

ಮಿದುಳಿನಲ್ಲಿ ಮೊದಲು ಗಮನ ಹರಿದದ್ದು ನೀರಿನ ಕಡೆಗೆ. ರಕ್ತನಾಳವನ್ನು ಮುಚ್ಚಿದ ಬೆಕ್ಕಿನ ಮಿದುಳಿನಲ್ಲಿ ನೀರಿನ ವಿಸರಣವು ಬೇಗನೆ ಕುಗ್ಗುವುದೆಂದು ಮೋಸ್ಲಿ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಪಾರ್ಶ್ವವಾಯುವನ್ನು ಬೇಗ ಗುರುತಿಸಲು ಇದರಿಂದ ದಾರಿಯಾಯಿತು. ಆದರೆ ಕಾರಣದ ವಿಷಯದಲ್ಲಿ ವಿವಾದ ಉಳಿಯಿತು. ನೀರು ಕೋಶದ ಒಳಗೂ ಹೊರಗೂ ಇರುವುದಷ್ಟೆ. ಮಂದವಾದದ್ದು ಯಾವ ನೀರು?

ಚಯಾಪಚಯದ್ರವ್ಯಗಳ ಮಹತ್ವ ಇಲ್ಲಿದೆ. ಮಿದುಳಿನಲ್ಲಿರುವುದಾಗಿ 1956ರಲ್ಲಿ ವರದಿಯಾದ ಎನ್-ಅಸಿಟೈಲ್ ಆಸ್ಪರ್ಟೇಟ್ ಬಹುಮಟ್ಟಿಗೆ ನರಕೋಶಗಳ ಒಳಗೇ ಇರುತ್ತದೆ; ಕೋಲಿನ್ ಸಂಯುಕ್ತಗಳು ಗ್ಲಿಯಾ ಕೋಶಗಳಲ್ಲಿ ಹೆಚ್ಚು. ರೋಹಿತದಲ್ಲಿ ಇವುಗಳ ರೇಖೆಗಳು ಬೇರೆಬೇರೆಯಾಗಿ ತೋರುತ್ತವೆ. ಪೊಸ್ಸೆ ಮತ್ತು ಸಂಗಡಿಗರು 1993ರಲ್ಲಿ ಮಾನವನ ಮಿದುಳಿನಲ್ಲಿಯೇ ಇವುಗಳ ವಿಸರಣವನ್ನು ಅಳೆದರು. ರಕ್ತ ತಡೆದ ಇಲಿಯ ಮಿದುಳಿನಲ್ಲಿ ಈ ದ್ರವ್ಯಗಳ ವಿಸರಣವೂ ಕುಗ್ಗುವುದೆಂದು ಮುಂದೆ ತಿಳಿದುಬಂದಿತು. ಆದ್ದರಿಂದ ಹೊರಗಿನ ನೀರು ಕೋಶದೊಳಕ್ಕೆ ಸರಿಯುವುದೊಂದೇ ಕಾರಣವೆಂಬ ವಾದ ಸಾಲದೆ ಹೋಯಿತು.

ಈ ಸಾಕ್ಷ್ಯವನ್ನು ಪಡೆಯುವುದು ಸುಲಭವಲ್ಲ. ಈ ದ್ರವ್ಯಗಳ ಪ್ರಮಾಣವು ನೀರಿಗಿಂತ ಸಾವಿರಾರು ಪಾಲು ಕಡಮೆ. ಅಳತೆಯನ್ನು ಹಲವು ಸಲ ಮಾಡಿ ಕೂಡಿಸಬೇಕು. 100 ಮಿಲಿಸೆಕೆಂಡಿನಲ್ಲಿ ಅಣುವು ಒಂದು ದಿಕ್ಕಿನಲ್ಲಿ ಸರಿಯುವುದು ಕೆಲವೇ ಮೈಕ್ರಾನು; ಹೃದಯದ ಬಡಿತದಿಂದ ಮಿದುಳು ಅದಕ್ಕಿಂತ ಹೆಚ್ಚಾಗಿ ಅಲುಗುತ್ತದೆ. ಮಾಪನವನ್ನು ನಾಡಿಯೊಡನೆ ಹೊಂದಿಸಿ, ಪ್ರತಿಯೊಂದು ಸಂಕೇತವನ್ನೂ ತಿದ್ದಿದ ಮೇಲೆಯೇ ಕೂಡಿಸಬೇಕು. ಇಲ್ಲವಾದರೆ ಮಿದುಳಿನ ಕಂಪನವೇ ವಿಸರಣವೆಂದು ದಾಖಲಾದೀತು.

ಹೀಗೆ ದೊರೆತ ಅಂಕಿಯಲ್ಲಿಯೂ ಕೋಶದ ಆಕಾರ, ಒಳದ್ರವದ ಸ್ನಿಗ್ಧತೆ ಎರಡೂ ಬೆರೆತಿರುತ್ತವೆ. ಶಾಸನವನ್ನು ಓದುವಾಗ ಕಲ್ಲಿನ ಬಿರುಕನ್ನು ಅಕ್ಷರದಿಂದ ಬೇರ್ಪಡಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವ ನಮಗೆ ಈ ಎಚ್ಚರಿಕೆ ಅಪರಿಚಿತವೇನೂ ಅಲ್ಲ.