ಎಥೆನಾಲ್ ಮತ್ತು ಜೈವಿಕ ಅನಿಲದ ಎಂಜಿನ್‌ಗಳಲ್ಲಿ ಕಿಡಿ ವ್ಯವಸ್ಥೆ

ಸಿಲಿಂಡರಿನಲ್ಲಿ ಒತ್ತಿ ಹಿಡಿದ ಗಾಳಿ-ಇಂಧನ ಮಿಶ್ರಣವನ್ನು ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ ಹೊತ್ತಿಸುವ ಏರ್ಪಾಡಿಗೆ ಕಿಡಿ ವ್ಯವಸ್ಥೆ ಎಂದು ಹೆಸರು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಸೀಮೆಯಾಗಿದ್ದು, ಕಬ್ಬಿನ ರಸ ಹಾಗೂ ಕಾಕಂಬಿಯಿಂದ ಎಥೆನಾಲನ್ನೂ, ಹಿಂಡಿದ ರಸವನ್ನು ಸೋಸಿದಾಗ ಉಳಿಯುವ ಪ್ರೆಸ್‌ಮಡ್ಡಿನಿಂದ ಮೀಥೇನ್ ಪ್ರಧಾನವಾದ ಜೈವಿಕ ಅನಿಲವನ್ನೂ ಪಡೆಯಬಹುದಾದ್ದರಿಂದ, ಈ ವಿಷಯ ಅಲ್ಲಿಗೆ ನೇರವಾಗಿ ಸಂಬಂಧಿಸಿದ್ದು. ಇವು ಉರಿದಾಗ ಹೊರಬೀಳುವ ಇಂಗಾಲವು ಬೆಳೆಯು ಗಾಳಿಯಿಂದಲೇ ಹೀರಿಕೊಂಡದ್ದು. ಗೊಬ್ಬರ, ನೀರೆತ್ತುವಿಕೆ, ಸಾಗಣೆಗಳ ಇಂಗಾಲವನ್ನು ಮಾತ್ರ ಲೆಕ್ಕಕ್ಕೆ ಸೇರಿಸಲೇಬೇಕು.

ಕಿಡಿ ಹುಟ್ಟಿಸುವ ವಿಧಾನಗಳಲ್ಲಿ ಎರಡು ಮುಖ್ಯ. ಪ್ರೇರಣ ವಿಧಾನದಲ್ಲಿ ಕಾಯಿಲ್‌ನಲ್ಲಿ ಹರಿಯುವ ಪ್ರವಾಹವನ್ನು ತಟ್ಟನೆ ಕಡಿದಾಗ ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ, ಕಿಡಿ ಸುಮಾರು 1ರಿಂದ 2 ಮಿಲಿಸೆಕೆಂಡು ನಿಲ್ಲುತ್ತದೆ. ಬೈಕ್ ರಿಪೇರಿಯವರು ಸಿಡಿಐ ಎನ್ನುವ ವಿಧಾನದಲ್ಲಿ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಒಮ್ಮೆಲೇ ಕಾಯಿಲ್‌ಗೆ ನುಗ್ಗುವುದರಿಂದ ಮಸಿ ಹಿಡಿದ ಪ್ಲಗ್ಗೂ ಕಿಡಿ ಕೊಡುತ್ತದೆ, ಆದರೆ ಆ ಕಿಡಿ ಬಲು ಅಲ್ಪಾಯು.

ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಮಿಕ್ಕಿದ ಶಾಖ ಬೇಡುತ್ತದೆ. ಆದ್ದರಿಂದ ಶುದ್ಧ ಎಥೆನಾಲಿನ ಎಂಜಿನ್ ಚಳಿಯಲ್ಲಿ ಹಟ ಹಿಡಿದರೆ ಕೊರತೆ ಕಿಡಿಯದಲ್ಲ, ಹೊತ್ತಬೇಕಾದ ಆವಿಯದು. ಕಾಯಿಲ್ ಬದಲಿಸಿದ ಮಾತ್ರಕ್ಕೆ ಅದು ನೀಗದು. ಎಂಜಿನ್ನಿನ ಬಡಿತವನ್ನು (ನಾಕಿಂಗ್) ತಡೆಯುವ ಗುಣ ಎಥೆನಾಲಿಗೆ ಹೆಚ್ಚಾಗಿರುವುದರಿಂದ ಸಂಪೀಡನವನ್ನು ಏರಿಸಬಹುದು, ಆದರೆ ಒತ್ತಡ ಏರಿದಷ್ಟೂ ಕಿಡಿ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕು. ಕಾದ ಲೋಹ ತಗುಲಿ ಕಿಡಿಗೆ ಮೊದಲೇ ಹೊತ್ತುವ ಸ್ವಭಾವವೂ ಇರುವುದರಿಂದ, ಶಾಖವನ್ನು ಬೇಗ ಬಿಟ್ಟುಕೊಡುವ 'ತಣ್ಣನೆಯ' ಪ್ಲಗ್ ಲೇಸು.

ನಿಜವಾದ ಪರೀಕ್ಷೆ ಇರುವುದು ಜೈವಿಕ ಅನಿಲದಲ್ಲಿ. ಮೀಥೇನ್ ನಿಧಾನವಾಗಿ ಉರಿಯುತ್ತದೆ. ಶುದ್ಧಗೊಳಿಸದ ಅನಿಲದಲ್ಲಿರುವ ಇಂಗಾಲದ ಡೈಆಕ್ಸೈಡ್ ಜ್ವಾಲೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಹಾಗಾಗಿ ಕಿಡಿಯನ್ನು ಮುಂಚಿತವಾಗಿ ಕೊಡಬೇಕು, ಪ್ಲಗ್ಗಿನ ಸಂದನ್ನು ಕಿರಿದಾಗಿಸಬೇಕು; ಇಲ್ಲಿ ದೀರ್ಘಕಾಲ ನಿಲ್ಲುವ ಪ್ರೇರಣ ವಿಧಾನದ ಕಿಡಿಯೇ ಹೆಚ್ಚು ಭರವಸೆಯದು.

ಹೈಡ್ರೋಜನ್ ಇದಕ್ಕೆ ತೀರ ವಿರುದ್ಧ. ಅದು ಹೊತ್ತಲು ಸುಮಾರು 0.02 ಮಿಲಿಜೌಲ್ ಸಾಕು, ಮೀಥೇನಿಗೆ ಸುಮಾರು 0.28 ಬೇಕು. ಅಲ್ಲಿ ಅನಗತ್ಯ ಕಿಡಿಯೇ ಅಪಾಯವಾದ್ದರಿಂದ, ಒಂದೇ ಕಾಯಿಲ್ ಎರಡು ಸಿಲಿಂಡರುಗಳಿಗೆ ಏಕಕಾಲಕ್ಕೆ ಕಿಡಿ ಕೊಡುವ ಏರ್ಪಾಡನ್ನು ಕೈಬಿಟ್ಟು ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಇಡುತ್ತಾರೆ.