ಸೋಲೂರಿನ ನೆಲ, ಕುಮುದ್ವತಿಯ ನೀರು, ಕೋರ್ಟಿನ ತೀರ್ಪು

ಊರು ಮತ್ತು ಅದರ ಇಳಿಜಾರು

ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ಕುಣಿಗಲ್ ಕಡೆ ಹೊರಟರೆ ನಡುವೆ ಸಿಗುವ ಹೋಬಳಿ ಕೇಂದ್ರ ಸೋಲೂರು. ರಾಜಧಾನಿಯ ಹೊರೆ ಇಳಿಸಲೆಂದು 2000ದ ದಶಕದಲ್ಲಿ ಸರ್ಕಾರ ಹಾಕಿಕೊಂಡ ಐದು ಉಪನಗರಗಳ ಪಟ್ಟಿಯಲ್ಲಿ ಬಿಡದಿ, ರಾಮನಗರ, ಸಾತನೂರು, ನಂದಗುಡಿಗಳ ಜೊತೆ ಇದರ ಹೆಸರೂ ಇತ್ತು. ಅಂಥ ಪಟ್ಟಿಯಲ್ಲಿ ಒಮ್ಮೆ ಹೆಸರು ಬಂತೆಂದರೆ, ಯೋಜನೆ ಬರಲಿ ಬಿಡಲಿ, ಹೊಲದ ಬೆಲೆ ಏರಿಬಿಡುತ್ತದೆ.

ಈ ಸೀಮೆಗೆ ಇನ್ನೊಂದು ನಕ್ಷೆಯೂ ಇದೆ, ನೀರಿನದು. ಶಿವಗಂಗೆ ಬೆಟ್ಟದ ಕಡೆ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿನ ಜಲಾಶಯ 1933ರಿಂದ ಬೆಂಗಳೂರಿಗೆ ನೀರು ಕೊಟ್ಟಿತು; 2012ರಲ್ಲಿ ಆ ಪೂರೈಕೆ ನಿಂತಿತು. ಜಲಾನಯನ ಉಳಿಸಲೆಂದು ರಾಜ್ಯ ಸರ್ಕಾರ 2003ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ನದಿದಂಡೆ ಮತ್ತು ಜಲಾಶಯದಿಂದ ಇರುವ ದೂರಕ್ಕೆ ತಕ್ಕಂತೆ ವಲಯ ಮಾಡಿ, ಎಲ್ಲಿ ಏನು ಕಟ್ಟಬಹುದೆಂದು ಗೆರೆ ಎಳೆಯಿತು. 2019ರಲ್ಲಿ ಆ ಗೆರೆಯನ್ನು ಸರ್ಕಾರವೇ ಸಡಿಲಿಸಿತು.

ಗೆರೆ ಎಳೆಯುವ ಅಧಿಕಾರ ಯಾರದು

ಇದಕ್ಕೆ ತೀರಾ ಹತ್ತಿರದ ಮೊಕದ್ದಮೆ ಹೈದರಾಬಾದಿನದು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ 10 ಕಿ.ಮೀ. ವ್ಯಾಪ್ತಿಯಲ್ಲಿ ಮಾಲಿನ್ಯಕಾರಕ ಕೈಗಾರಿಕೆ ಕೂಡದೆಂಬ ನಿಯಮವಿದ್ದರೂ ಒಂದು ಎಣ್ಣೆ ಕಾರ್ಖಾನೆಗೆ ವಿನಾಯಿತಿ ಸಿಕ್ಕಿತ್ತು. ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ ವಿರುದ್ಧ ನಾಯುಡು ಎಂಬ ಹೆಸರಿನ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಒಂದು ಮುಖ್ಯ ಮಾತು ಹೇಳಿತು: ಹಾನಿಯಾಗುತ್ತದೆ ಎಂದು ಊರಿನವರು ಸಾಬೀತು ಮಾಡಬೇಕಿಲ್ಲ, ಆಗುವುದಿಲ್ಲ ಎಂದು ಕಾರ್ಖಾನೆಯವರೇ ತೋರಿಸಬೇಕು. 2000ದ ಡಿಸೆಂಬರ್‌ನಲ್ಲಿ ಆ ವಿನಾಯಿತಿಯೂ ಬಿದ್ದುಹೋಯಿತು.

ಒಬ್ಬರಿಗೆ ಗುಟ್ಟಾಗಿ ಬಾಗಿಲು ತೆರೆದರೆ ಕೋರ್ಟು ಮುಚ್ಚಿಸುತ್ತದೆ, ಸರಿ. ಇಡೀ ಗೋಡೆಯನ್ನೇ ಹಿಂದಕ್ಕೆ ಸರಿಸಿದರೆ? ಬೆಂಗಳೂರಿನ ಬೆಳ್ಳಂದೂರು ಕೆರೆಯ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಬೆಂಗಳೂರಿನ ಕೆರೆಗಳ ಸುತ್ತ 30 ಮೀಟರ್ ಇದ್ದ ಮೀಸಲು ಪ್ರದೇಶವನ್ನು 75 ಮೀಟರ್‌ಗೆ ಏರಿಸಿ, ರಾಜಕಾಲುವೆಗಳಿಗೂ ಹೊಸ ಅಳತೆ ಗೊತ್ತುಮಾಡಿತ್ತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಕಾನೂನಿನಡಿ ರೂಪಿಸಿದ ಮಾಸ್ಟರ್ ಪ್ಲಾನನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಕಾನೂನಿನ ದೃಷ್ಟಿಯಿಂದ ಒಪ್ಪಬೇಕಾದ ಮಾತೇ. ಆದರೆ ಅದರ ಫಲವೆಂದರೆ, ಗೆರೆಯ ಅಳತೆ ಮತ್ತೆ ಸರ್ಕಾರದ ಲೇಖನಿಗೇ ಸೇರಿತು. ಕುಮುದ್ವತಿ ದಂಡೆಯೂ ಇದಕ್ಕೆ ಹೊರತಲ್ಲ.

ಕಡತದಲ್ಲಿ ಎಣಿಸಿದ ಮರಗಳು

ಅನುಮತಿಯ ಹಂತದಲ್ಲಿ ಏನು ನಡೆಯುತ್ತದೆಂದು ನೋಡಬೇಕಾದರೆ, ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸುತ್ತುವ 65 ಕಿ.ಮೀ. ಪೆರಿಫೆರಲ್ ರಿಂಗ್ ರಸ್ತೆಯ ಕಡತವೇ ಸಾಕು. ಮೊದಲ ಕಾಗದದಲ್ಲಿ ಕಡಿಯಬೇಕಾದ ಮರಗಳು 200ರಿಂದ 500. ಆಮೇಲೆ ಹೊರಬಿದ್ದ ಲೆಕ್ಕ 16,685. ಪರಿಸರ ಪರಿಣಾಮ ವರದಿಗೆ ಬಳಸಿದ ಅಂಕಿಅಂಶ ಹಳತಾಗಿತ್ತು, ಅರಣ್ಯ ಭೂಮಿಯ ವಿವರವೂ ಸರಿಯಿರಲಿಲ್ಲ. 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್ ಹೊಸದಾಗಿ ಅಧ್ಯಯನ ಮಾಡಿ ಬನ್ನಿ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ಹೇಳಿತು.

ಸೋಲೂರಿನಂಥ ಕಡೆ ಇಷ್ಟು ದೊಡ್ಡ ಕಡತ ಅಪರೂಪ. ಇಲ್ಲಿ ನಡೆಯುವುದು ಸಣ್ಣ ಸಣ್ಣ ಭೂಪರಿವರ್ತನೆ, ಜನ ಹೇಳುವ ‘ಡಿಸಿ ಕನ್ವರ್ಷನ್’. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಒಂದೊಂದೇ ಸರ್ವೆ ನಂಬರು ಬದಲಾಗುತ್ತಾ ಹೋಗುತ್ತದೆ. ಎರಡೆಕರೆ ಲೇಔಟಿನಿಂದ ನದಿ ಬತ್ತಿತು ಎಂದು ಯಾವ ವಕೀಲರೂ ವಾದಿಸಲಾರರು. ನೂರು ಲೇಔಟುಗಳು ಸೇರಿ ಕೆರೆಯ ಕಾಲುವೆ ಮುಚ್ಚಿದಾಗ ಹೊಣೆ ಯಾರ ಕೊರಳಿಗೂ ಬೀಳುವುದಿಲ್ಲ. ಕೆರೆ, ಗುಂಡುತೋಪುಗಳಂಥ ಊರೊಟ್ಟಿನ ಜಾಗಕ್ಕೆ ಮಾತ್ರ ಗಟ್ಟಿ ಆಸರೆಯಿದೆ: ಜಗಪಾಲ್ ಸಿಂಗ್ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟ್ ಅಂಥ ಒತ್ತುವರಿಯನ್ನು ತೆರವು ಮಾಡಿಸಲು ಎಲ್ಲ ರಾಜ್ಯಗಳಿಗೂ ಸೂಚಿಸಿತು. ದುಡ್ಡು ಸುರಿದು ಕಟ್ಟಿದ್ದೇವೆ ಎಂಬ ನೆಪಕ್ಕೂ ಸಕ್ರಮದ ಬಾಗಿಲು ತೆರೆಯಲಿಲ್ಲ.

ಕೆಡಿಸಿದವರೇ ತೊಳೆಯಬೇಕು

ರಾಜಸ್ಥಾನದ ಉದಯಪುರದ ಬಳಿ ಬಿಚ್ಛ್ರಿ ಎಂಬ ಹಳ್ಳಿ. ಎಚ್-ಆ್ಯಸಿಡ್ ಎಂಬ ರಾಸಾಯನಿಕ ತಯಾರಿಸಿದ ಘಟಕಗಳು ಸುಮಾರು 2,400 ಟನ್ ವಿಷಕೆಸರನ್ನು ಬಯಲಲ್ಲೇ ಬಿಟ್ಟಿದ್ದವು. ಮಳೆನೀರಿನೊಂದಿಗೆ ಅದು ಇಂಗಿ ಬಾವಿಗಳಿಗೆ ಇಳಿಯಿತು. ದನಕರುಗಳೂ ಆ ನೀರು ಕುಡಿಯುವಂತಿರಲಿಲ್ಲ. 1996ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ಪರಿಹಾರ ಮಾತ್ರವಲ್ಲ, ಮಣ್ಣು ನೀರನ್ನು ಮೊದಲಿನ ಸ್ಥಿತಿಗೆ ತರುವ ಖರ್ಚೂ ಕಾರ್ಖಾನೆಯದೇ ಎಂದಿತು. ಆ ಖರ್ಚು 37.385 ಕೋಟಿ ರೂಪಾಯಿ ಎಂದು ನಿಗದಿಯಾಯಿತು. ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕಿ ಎಳೆದಾಡಿತು. 2011ರಲ್ಲಿ ಕೋರ್ಟು ಅದರ ಮೇಲೆ ಶೇ 12ರ ಚಕ್ರಬಡ್ಡಿ ಹೇರಿತು. ತೀರ್ಪು ಬಂದು ಹದಿನೈದು ವರ್ಷವಾದರೂ ಹಣವೇ ಬಂದಿರಲಿಲ್ಲ. ಪಾಠ ಹೇಳುವವರು ಈ ಭಾಗವನ್ನು ಹೆಚ್ಚಾಗಿ ಹಾರಿಸಿಬಿಡುತ್ತಾರೆ.

ಸರ್ಕಾರಕ್ಕೂ ರಿಯಾಯಿತಿಯಿಲ್ಲ. ಬೆಳ್ಳಂದೂರು ಕೆರೆಗಾಗಿ 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಅದು ಕಟ್ಟಕಡೆಗೆ ತೆರಿಗೆ ಕಟ್ಟುವವರ ದುಡ್ಡೇ. 2025ರ ಆಗಸ್ಟ್ 4ರ ತೀರ್ಪಿನಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಗಳೇ ಪರಿಸರ ಪರಿಹಾರವನ್ನು ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಮೊದಲು ನಿಯಮ ರಚನೆಯಾಗಬೇಕು ಎಂದೂ ಹೇಳಿತು.

ಹೋಗುವುದೆಲ್ಲಿಗೆ, ಎಷ್ಟರೊಳಗೆ

ಕರ್ನಾಟಕದ ದೂರು ಹೋಗುವುದು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ. 2010ರ ಕಾಯ್ದೆಯ ಪ್ರಕಾರ ಪರಿಸರ ವಿವಾದದ ಅರ್ಜಿಗೆ ಆರು ತಿಂಗಳು, ಪರಿಹಾರ ಮತ್ತು ಪುನಶ್ಚೇತನದ ಅರ್ಜಿಗೆ ಐದು ವರ್ಷ ಗಡುವು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಎರಡೂ ಕಡೆ ಲೆಕ್ಕ ಶುರುವಾಗುವುದು ದಾವೆಯ ಕಾರಣ ಮೊದಲು ಹುಟ್ಟಿದ ದಿನದಿಂದ. ಹಾಗಾಗಿ ಬೋರ್‌ವೆಲ್ ನೀರಿನ ಬಣ್ಣ, ವಾಸನೆ ಬದಲಾದಾಗ ಪರೀಕ್ಷಾ ವರದಿ ತೆಗೆಸಿ, ದಿನಾಂಕ ಬರೆಸಿ, ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಟ್ಟ ಅರ್ಜಿಯ ಸ್ವೀಕೃತಿಯನ್ನು ಪಹಣಿಯ ಜೊತೆ ಇಟ್ಟುಕೊಂಡವರ ಕೈ ಮೇಲಾಗುತ್ತದೆ.