ಈರುಳ್ಳಿ ಮೇಲಿನ ಕಪ್ಪು ಪುಡಿಯೇ ‘ಬ್ಲ್ಯಾಕ್ ಫಂಗಸ್’ ಕಾಯಿಲೆಯ ಮೂಲವೇ?

ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ, 2021ರ ಮೇ ತಿಂಗಳಲ್ಲಿ, ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು: ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಪದರವೇ ಬ್ಲ್ಯಾಕ್ ಫಂಗಸ್, ಎಚ್ಚರ! ಇದು ಸುಳ್ಳು. ಕಡೂರು, ತರೀಕೆರೆ, ಅಜ್ಜಂಪುರದಂತೆ ಮಳೆಗಾಲದಲ್ಲಿ ಈರುಳ್ಳಿ ಬೆಳೆಯುವ ಕಡೆ ಇಂಥ ಸುಳ್ಳು ಬೆಳೆಗಾರರ ಹೊಟ್ಟೆಗೂ ಹೊಡೆಯಬಲ್ಲದು.

ಆ ಪುಡಿ ಸಾಮಾನ್ಯವಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರದ ಬೀಜಕಣಗಳು. ಮಣ್ಣು, ಗಾಳಿ ಎಲ್ಲೆಡೆ ಇವು ಇರುತ್ತವೆ. ಬ್ಲ್ಯಾಕ್ ಫಂಗಸ್ ಎಂದು ಕರೆಯುವ ಮ್ಯೂಕರ್‌ಮೈಕೋಸಿಸ್ ತರುವುದು ರೈಜೋಪಸ್, ಮ್ಯೂಕರ್ ಮುಂತಾದ ಬೇರೆಯೇ ಗುಂಪು. ಹೆಸರಿನಲ್ಲಿರುವ ಕಪ್ಪು ಕೂಡ ಶಿಲೀಂಧ್ರದ್ದಲ್ಲ, ರಕ್ತ ಹರಿಯದೆ ಸತ್ತ ಅಂಗಾಂಶದ ಬಣ್ಣ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ, ಹೆಚ್ಚು ಸ್ಟೀರಾಯ್ಡ್ ಪಡೆದವರಿಗೆ ಅದರ ಅಪಾಯ ಜಾಸ್ತಿ.

ಹಾಗಾದರೆ ಈರುಳ್ಳಿಯನ್ನು ಕೊಳೆಸಿದ್ದು ಈ ಕಪ್ಪು ಬೂಷ್ಟೇ ಎಂದು ಹೇಳುವುದು ಹೇಗೆ? ಕಣ್ಣಲ್ಲಿ ನೋಡಿದರೆ ಸಾಲದು. ಬ್ಯಾಕ್ಟೀರಿಯಾದಿಂದ ಕೊಳೆತ ಗಡ್ಡೆಯ ಮೇಲೂ ಬೂಷ್ಟು ಆಮೇಲೆ ಬಂದು ಕೂರಬಹುದು. ಕಳ್ಳತನವಾದ ಮನೆ ಮುಂದೆ ನಿಂತವರೆಲ್ಲ ಕಳ್ಳರಲ್ಲವಲ್ಲ!

ಪ್ರಯೋಗಾಲಯದಲ್ಲಿ ಕೊಳೆತ ಭಾಗವೂ ಚೆನ್ನಾಗಿರುವ ಭಾಗವೂ ಸೇರುವ ಅಂಚಿನಿಂದ ಚಿಕ್ಕ ತುಂಡು ತೆಗೆಯುತ್ತಾರೆ. ಪೂರ್ತಿ ಕೊಳೆತ ಜಾಗದಲ್ಲಿ ಆಮೇಲೆ ಬಂದ ಸೂಕ್ಷ್ಮಜೀವಿಗಳೇ ಹೆಚ್ಚಿರುತ್ತವೆ. ತುಂಡಿನ ಮೇಲ್ಮೈಯನ್ನು ತೆಳು ಬ್ಲೀಚ್ ದ್ರಾವಣದಲ್ಲಿ ಶುಚಿಮಾಡಿ, ಆಲೂಗಡ್ಡೆ ರಸ, ಸಕ್ಕರೆ, ಅಗರ್ ಸೇರಿಸಿದ ತಟ್ಟೆಯಲ್ಲಿಡುತ್ತಾರೆ. ಕೆಲವು ದಿನಗಳಲ್ಲಿ ಬೂಷ್ಟು ಮೊದಲು ಬೆಳ್ಳಗೆ, ಆಮೇಲೆ ಕಪ್ಪಗೆ ಬೆಳೆಯುತ್ತದೆ. ಅದರ ಬೀಜಕಣಗಳನ್ನು ನೀರಿನಲ್ಲಿ ಬೆರೆಸಿ, ಸೂಜಿಯಿಂದ ಚುಚ್ಚಿದ ಒಳ್ಳೆಯ ಗಡ್ಡೆಗಳಿಗೆ ಹಾಕುತ್ತಾರೆ. ಪಕ್ಕದಲ್ಲಿ ಅದೇ ರೀತಿ ಚುಚ್ಚಿ ಶುದ್ಧ ನೀರು ಮಾತ್ರ ಹಾಕಿದ ಗಡ್ಡೆಗಳೂ ಇರಲೇಬೇಕು. ಮೊದಲಿನವು ಮಾತ್ರ ಅದೇ ತರಹ ಕೊಳೆತು, ಅವುಗಳಿಂದ ಅದೇ ಶಿಲೀಂಧ್ರ ಮತ್ತೆ ಸಿಕ್ಕರೆ ಆರೋಪ ಸಾಬೀತು. ಇದರ ಹಿಂದಿರುವುದು 1880ರ ದಶಕದಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಮತ್ತು ಸಂಗಡಿಗರು ರೂಪಿಸಿದ ತರ್ಕ. ಕೊಯ್ದ ಮಾವು, ಬಾಳೆಹಣ್ಣಿನ ಕೊಳೆಯನ್ನು ಪರೀಕ್ಷಿಸುವುದೂ ಹೀಗೇ.

ಗಡ್ಡೆಯನ್ನು ಚುಚ್ಚುವುದು ಸುಮ್ಮನೆ ಅಲ್ಲ. ಈ ಶಿಲೀಂಧ್ರ ಹೆಚ್ಚಾಗಿ ಒಳನುಗ್ಗುವುದು ಗಾಯದಿಂದ, ಸರಿಯಾಗಿ ಒಣಗದ ಕತ್ತಿನಿಂದ. ಮಳೆಯಲ್ಲಿ ಕಿತ್ತ ಈರುಳ್ಳಿಯನ್ನು ಕತ್ತು ಒಣಗುವ ಮುಂಚೆ ಚೀಲಕ್ಕೆ ತುಂಬಿದರೆ, ಚೀಲ ಎತ್ತಿ ಎಸೆದರೆ ಅದಕ್ಕೆ ಬಾಗಿಲು ತೆರೆದಂತೆಯೇ.

ಅಡುಗೆಮನೆಯಲ್ಲಿ ಏನು ಮಾಡಬೇಕು? ಕಪ್ಪು ಹೊರಸಿಪ್ಪೆಯಲ್ಲಿ ಮಾತ್ರ ಇದ್ದರೆ ಆ ಪದರ ಸುಲಿದು, ಹರಿಯುವ ನೀರಿನಲ್ಲಿ ತೊಳೆದು ಬಳಸಿ. ಒಳಗೆ ಮೆತ್ತಗಾಗಿದ್ದರೆ, ವಾಸನೆ ಬಂದರೆ ಎಸೆಯಿರಿ. ಮನೆಯಲ್ಲಿ ಆಸ್ತಮಾ ಅಥವಾ ಬೂಷ್ಟಿನ ಅಲರ್ಜಿ ಇರುವವರಿದ್ದರೆ ಸುಲಿಯುವ ಕೆಲಸ ಬೇರೆಯವರು ಮಾಡಲಿ.